ಫೋನ್ ಎತ್ತದ ತಮ್ಮನನ್ನು ಹುಡುಕುವುದು ಯಾರ ಕೆಲಸ?

ಕಳೆದ ವರ್ಷ ಒಂದು ಮಾಸಿಕ ಸಭೆ ಮುಗಿದು ನಾವು ಕುರ್ಚಿ ಎತ್ತಿಡುತ್ತಿದ್ದಾಗ, ಕಾಸರಗೋಡಿನ ಒಳಹಳ್ಳಿಯೊಂದರಿಂದ ಬಂದಿದ್ದ ಅಕ್ಕ ಒಬ್ಬರು ನಮ್ಮ ಕಾರ್ಯದರ್ಶಿಯವರ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಒಳಗೆ ತಮ್ಮನ ಪಾಸ್‌ಪೋರ್ಟಿನ ಜೆರಾಕ್ಸ್, ಹಳೆಯದೊಂದು ಫೋಟೋ, ಮೂರು ಫೋನ್ ನಂಬರು. ಮೂರೂ ಸ್ವಿಚ್ ಆಫ್. ತಮ್ಮ ಶಾರ್ಜಾಕ್ಕೆ ಹೋಗಿ ಹತ್ತು ವರ್ಷ ದಾಟಿದೆ. ಮನೆ ಪಾಲಿನ ವಿಷಯದಲ್ಲಿ ಅಣ್ಣನೊಡನೆ ಜಗಳವಾಗಿ ಮಾತು ನಿಂತಿದೆ. ತಂದೆಯ ಉತ್ತರಕ್ರಿಯೆಗೂ ಬರಲಿಲ್ಲ. ರಜೆಯಲ್ಲಿ ಬಂದ ಊರಿನವರೊಬ್ಬರು ತಂದ ಸುದ್ದಿಯೆಂದರೆ, ಅವನು ಕೆಲಸ ಬಿಟ್ಟಿದ್ದಾನೆ, ರೂಮಿನವರು ತನ್ನ ಊಟಕ್ಕೆ ಏನೋ ಬೆರೆಸುತ್ತಾರೆ ಎನ್ನುತ್ತಾನೆ, ರಾತ್ರಿಯೆಲ್ಲ ಎದ್ದೇ ಇರುತ್ತಾನೆ. "ಅವ ಎಲ್ಲಿದ್ದಾನೆ ಅಂತ ಸರಕಾರದವರಿಂದ ಕೇಳಿ ಕೊಡ್ತೀರಾ?" ಎಂದರು ಅಕ್ಕ.

ಅವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇವೆ. ಇಂಥ ಕವರ್ ನಮ್ಮಲ್ಲಿಗೆ ಬಂದದ್ದು ಇದೇ ಮೊದಲಲ್ಲ. ಗಡಿನಾಡಿನ ಊರುಗಳಿಂದ ಗಲ್ಫಿಗೆ ಹೋದವರು ಹೆಚ್ಚು. ಈಗ ಓದಲೆಂದು ಯುರೋಪಿಗೆ ಹೋದ ಮಕ್ಕಳ ವಿಷಯವೂ ಒಂದೊಂದಾಗಿ ಬರುತ್ತಿದೆ.

ವಲಸೆಯ ಕಾನೂನಿನ ಬಗ್ಗೆ ಈಗ ಮತ್ತೆ ಮಾತು ನಡೆದಿದೆ. 1983ರ ವಲಸೆ ಕಾಯಿದೆಯನ್ನು ಬದಲಿಸಲು 2021ರಲ್ಲೊಂದು ಕರಡು ಬಂದಿತ್ತು, 2025ರ ಅಕ್ಟೋಬರಿನಲ್ಲಿ ವಿದೇಶಾಂಗ ಸಚಿವಾಲಯ ಇನ್ನೊಂದು ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಚರ್ಚೆಯ ಬಹುಪಾಲು ನೇಮಕಾತಿ ಏಜೆಂಟರ ಸುತ್ತ ತಿರುಗುತ್ತದೆ. ಅದು ಬೇಕಾದದ್ದೇ. ಆದರೆ ನಮ್ಮ ವ್ಯವಸ್ಥೆಯೆಲ್ಲ ಕಟ್ಟಿರುವುದು ದೂರು ಕೊಡುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು: ಸಂಬಳ ಕೊಟ್ಟಿಲ್ಲ, ಪಾಸ್‌ಪೋರ್ಟ್ ಹಿಡಿದಿಟ್ಟಿದ್ದಾರೆ, ಮೃತದೇಹ ತರಿಸಬೇಕು. 2015ರಲ್ಲಿ ಶುರುವಾದ 'ಮದದ್' ಪೋರ್ಟಲಿನಲ್ಲಿ ಇಂಥ ಅರ್ಜಿ ಸರಾಗವಾಗಿ ಓಡುತ್ತದೆ. ತಾನೇ ಬಾಯಿ ಮುಚ್ಚಿಕೊಂಡ, ಕಾಯಿಲೆಯಲ್ಲಿರುವ, ಮನೆಯವರ ಮೇಲೆ ಮುನಿದ ಒಬ್ಬನ ಪರವಾಗಿ ಬೇರೊಬ್ಬರು ಹಾಕುವ ಅರ್ಜಿ ಹಾಗೆ ಓಡುವುದಿಲ್ಲ.

ಯಾಕೆಂದರೆ ಅವನು ವಯಸ್ಕ. ವಿಳಾಸ ಹೇಳಬೇಕೋ ಬೇಡವೋ ಎಂಬುದು ಅವನ ಹಕ್ಕು. ಜೈಲಿನಲ್ಲಿದ್ದರೂ ಇದೇ ಮಾತು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ, ಬಂಧಿತ ವಿದೇಶಿಯ ವಿಷಯವನ್ನು ಅವನ ದೇಶದ ಕಾನ್ಸುಲೇಟಿಗೆ ತಿಳಿಸಬೇಕಾದುದು ಅವನು ಕೇಳಿಕೊಂಡರೆ. ಹತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಪರದೇಶದ ಜೈಲುಗಳಲ್ಲಿದ್ದಾರೆ ಎಂದು ಸಂಸತ್ತಿಗೆ ಲೆಕ್ಕ ಕೊಡುವಾಗಲೂ ವಿದೇಶಾಂಗ ಸಚಿವಾಲಯ ಈ ಮಾತು ಸೇರಿಸುತ್ತದೆ: ಹಲವು ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿ, ಬಂಧಿತನ ಒಪ್ಪಿಗೆಯಿಲ್ಲದೆ ಅವರು ವಿವರ ಕೊಡುವುದಿಲ್ಲ. ಹಾಗಾಗಿ 'ಎಲ್ಲಿದ್ದಾನೆ' ಎಂದು ಕೇಳುವ ಮನೆಗೆ ಉತ್ತರ ಸಿಗದೆ ಹೋಗುವುದು ಯಾವಾಗಲೂ ಅಧಿಕಾರಿಗಳ ಉದಾಸೀನದಿಂದಲ್ಲ. 'ಅವನು ವಾಪಸಾಗದಂತೆ ಏನು ತಡೆದಿದೆ' ಎಂದು ಕೇಳಿದರೆ ಕೆಲಸ ಮುಂದೆ ಹೋಗುತ್ತದೆ ಎಂಬುದು ನಮಗೆ ತಡವಾಗಿ ಹೊಳೆಯಿತು.

ತಡೆಯುವ ಸಂಗತಿಗಳು ಹೊರಗಿನವರಿಗೆ ಕಾಣುವುದಿಲ್ಲ. ಕೆಲಸ ಬಿಟ್ಟವನ ವೀಸಾ ರದ್ದಾಗುತ್ತದೆ, ಅವಧಿ ಮೀರಿದ ಮೇಲೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಂ ದಂಡ ಏರುತ್ತದೆ. ಒಂದು ವರ್ಷಕ್ಕೆ ಲೆಕ್ಕ ಹಾಕಿದರೆ 18,250 ದಿರ್ಹಂ. ಕೆಲಸಕ್ಕಿಟ್ಟವನು 'ತಲೆಮರೆಸಿಕೊಂಡಿದ್ದಾನೆ' ಎಂದು ಬರೆಸಿದರೆ ಇನ್ನೊಂದು ಗಂಟು. ಸೌದಿಯಲ್ಲಿ ಇದಕ್ಕೇ 'ಹುರೂಬ್' ಎನ್ನುವುದು. ಬ್ಯಾಂಕ್ ಸಾಲವಿದ್ದರೆ ದೇಶ ಬಿಡದಂತೆ ಕೋರ್ಟಿನ ತಡೆ ಬರಬಹುದು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾದದ್ದಕ್ಕೆ ಜೈಲು ಎಂಬ ಹೆದರಿಕೆ ಮಾತ್ರ 2022ರ ಜನವರಿಯಿಂದ ಯುಎಇಯಲ್ಲಿ ಬಹುಮಟ್ಟಿಗೆ ಇಲ್ಲ. ಆದರೆ ಐದಾರು ವರ್ಷದ ಹಿಂದೆ ಕೇಳಿದ್ದನ್ನೇ ನಂಬಿ ಅಡಗಿ ಕುಳಿತವನಿಗೆ ಅದನ್ನು ಹೇಳುವವರು ಯಾರು? 2018ರಲ್ಲಿಯೂ 2024ರ ಸೆಪ್ಟೆಂಬರಿನಿಂದ ಡಿಸೆಂಬರಿನ ತನಕವೂ ಅಲ್ಲಿನ ಸರಕಾರ ಕ್ಷಮಾದಾನದ ಅವಧಿ ಕೊಟ್ಟಿತು. 2024ರಲ್ಲಿ ದಂಡವಿಲ್ಲದೆ, ಮತ್ತೆ ಬರಲು ನಿಷೇಧವೂ ಇಲ್ಲದೆ ಹೊರಡಬಹುದಿತ್ತು. ಯಾರೊಡನೆಯೂ ಮಾತಾಡದವನ ಕಿವಿಗೆ ಅದು ಬೀಳಲೇ ಇಲ್ಲ. ಅಕ್ಕನ ತಮ್ಮನೂ ಅಂಥವರಲ್ಲೊಬ್ಬ ಎಂದು ಆಮೇಲೆ ಗೊತ್ತಾಯಿತು.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ಆ ಕವರ್ ಸಿಕ್ಕ ರಾತ್ರಿಯೇ ನಾವು ಅವನ ಫೋಟೋ, ಹೆಸರು, ಊರು ಸೇರಿಸಿ 'ಕಂಡವರು ತಿಳಿಸಿ' ಎಂದು ಐದಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದೆವು. ಎರಡೇ ದಿನದಲ್ಲಿ ಒಬ್ಬರು ಅವನನ್ನು ಕಂಡರು, ಮಾತಾಡಿಸಲು ಹೋದರು. ಮಾರನೆಯ ದಿನ ಅವನು ರೂಮು ಖಾಲಿ ಮಾಡಿದ್ದ. ಜನ ತನ್ನ ಬೆನ್ನು ಹತ್ತಿದ್ದಾರೆ ಎಂಬ ಗುಮಾನಿಯೇ ಕಾಯಿಲೆಯಾದವನ ಬೆನ್ನು ನಿಜವಾಗಿಯೂ ಹತ್ತಿದ್ದೆವು ನಾವು. ಅದಲ್ಲದೆ ಒಬ್ಬರ ಫೋಟೋವನ್ನು ಅವರ ಒಪ್ಪಿಗೆಯಿಲ್ಲದೆ ಹರಡುವುದು ಯುಎಇಯ 2021ರ ಸೈಬರ್ ಕಾಯಿದೆಯಡಿ ಅಪರಾಧವಾಗಬಹುದು. ಅನುಮತಿಯಿಲ್ಲದೆ ಚಂದಾ ಎತ್ತುವುದೂ ಅಲ್ಲಿ ಅಪರಾಧ. ನಮ್ಮ ಒಳ್ಳೆಯ ಮನಸ್ಸಿನಿಂದ ಅಲ್ಲಿರುವ ಗೆಳೆಯರಿಗೆ ಕಷ್ಟ ಬರಬಾರದು. ಫೋಟೋ ಹಂಚುವುದನ್ನು ಸಂಘದಲ್ಲಿ ಅಂದಿನಿಂದ ಬಿಟ್ಟಿದ್ದೇವೆ.

ಇನ್ನೊಂದು ಹಳೆಯ ಉಪಾಯವಿದೆ, 'ಅಮ್ಮನಿಗೆ ಸೀರಿಯಸ್' ಎಂದು ಸುಳ್ಳು ಹೇಳಿ ಕರೆಸುವುದು. ಅಕ್ಕನ ಮನೆಯಲ್ಲಿಯೂ ಹಿರಿಯರು ಅದನ್ನೇ ಸೂಚಿಸಿದರು. ಬೇಡವೆಂದು ನಾವು ಗಟ್ಟಿಯಾಗಿ ಹೇಳಿದೆವು. ಬಂದು ಅಂಗಳದಲ್ಲಿ ಅಮ್ಮ ಬಟ್ಟೆ ಒಣಗಿಸುವುದನ್ನು ಕಂಡವನು ಇನ್ನು ಮುಂದೆ ನಿಜವಾದ ಸುದ್ದಿಯನ್ನಾದರೂ ಯಾಕೆ ನಂಬಬೇಕು?

ಹಾಗಾದರೆ ಯಾವ ಬಾಗಿಲು ತಟ್ಟುವುದು? ಗಡಿನಾಡಿನವರಿಗೆ ಈ ಪ್ರಶ್ನೆ ಉಳಿದವರಿಗಿಂತ ಕಷ್ಟದ್ದು. ಕನ್ನಡದವರೆಂಬ ಕಾರಣಕ್ಕೆ ನಮ್ಮ ಜನ ಮೊದಲು ನೆನೆಯುವುದು ಬೆಂಗಳೂರನ್ನು. ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿಗೆ ಪತ್ರ ಬರೆಯುವುದು ತಪ್ಪಲ್ಲ. ಆದರೆ ಕಡತ ಓಡುವುದು ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಮೇಲೆ, ಮನೆಮಾತಿನ ಮೇಲಲ್ಲ. ಕಾಸರಗೋಡು, ವಯನಾಡಿನವರಿಗೆ ನೋರ್ಕಾ ರೂಟ್ಸ್. ಅದರ ಉಚಿತ ಸಂಖ್ಯೆ 1800 425 3939. ಹೊಸೂರು, ತಾಳವಾಡಿ, ನೀಲಗಿರಿಯವರಿಗೆ ತಮಿಳುನಾಡಿನ ಅನಿವಾಸಿ ತಮಿಳರ ಕಲ್ಯಾಣ ಇಲಾಖೆ. ಆದೋನಿ, ರಾಯದುರ್ಗ, ಮಡಕಶಿರಾದವರಿಗೆ ಆಂಧ್ರದ ಅನಿವಾಸಿ ತೆಲುಗರ ಸೊಸೈಟಿ. ಬೋರ್ಡಿನಲ್ಲಿ 'ತಮಿಳರ', 'ತೆಲುಗರ' ಎಂದು ಓದಿ ನಮ್ಮವರು ಮೆಟ್ಟಿಲಿನಿಂದಲೇ ಹಿಂದಿರುಗುವುದುಂಟು. ಆ ರಾಜ್ಯದ ನಿವಾಸಿಗಳಾಗಿ ಅರ್ಜಿ ಕೊಡಿ, ಸಂಕೋಚ ಬೇಡ. ಯಾವ ರಾಜ್ಯದವರಾದರೂ ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 1800 11 3090ರಲ್ಲಿ ಕರೆ ಮಾಡಬಹುದು. ಯುಎಇ ಒಳಗಿನಿಂದಾದರೆ 800 46342.

ಕನ್ನಡದಲ್ಲಿ ಅರ್ಜಿ ಕೊಡಬಹುದೇ ಎಂದು ಕೇಳುವವರಿದ್ದಾರೆ. ಸಂವಿಧಾನದ 350ನೇ ವಿಧಿಯಂತೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಹಕ್ಕನ್ನು ಬಿಟ್ಟುಕೊಡಬಾರದು, ಹಾಗೆಯೇ ಹಟಕ್ಕಾಗಿ ತಿಂಗಳು ಕಳೆಯಲೂಬಾರದು. ಕನ್ನಡದ ಅರ್ಜಿಯೊಡನೆ ಇಂಗ್ಲಿಷ್ ಪ್ರತಿ ಲಗತ್ತಿಸಿ. ಅದನ್ನು ಬರೆದುಕೊಡುವವರು ನಮ್ಮ ಪ್ರತಿ ಶಾಖೆಯಲ್ಲಿಯೂ ಇದ್ದಾರೆ.

ಭಾಷೆ ನಿಜವಾಗಿ ಬೇಕಾಗುವುದು ಇನ್ನೊಂದು ಕಡೆ, ಅವನೆದುರು ಯಾರು ಹೋಗಿ ಕುಳಿತುಕೊಳ್ಳುತ್ತಾರೆ ಎಂಬಲ್ಲಿ. ಗಲ್ಫಿನಲ್ಲಿ ಮಲಯಾಳಿ ಸಂಘಟನೆಗಳ ಕೆಲಸ ದೊಡ್ಡದು, ಅವರ ಉಪಕಾರವನ್ನು ಕಾಸರಗೋಡಿನ ಕನ್ನಡಿಗರು ಮರೆಯುವಂತಿಲ್ಲ. ಆದರೆ ಗುಮಾನಿಯಲ್ಲಿ ಬೇಯುತ್ತಿರುವ ಮನುಷ್ಯನಿಗೆ ಮನೆಮಾತಿನಲ್ಲಿ ಒಬ್ಬ ಅಪರಿಚಿತ, ಮನೆ ಪಾಲಿನ ಯಾವ ಪಕ್ಷಕ್ಕೂ ಸೇರದವನು, ಮಾತಾಡಿಸಿದರೆ ಅದರ ಪರಿಣಾಮವೇ ಬೇರೆ. ಅರ್ಜಿಯಲ್ಲಿ 'ಹುಡುಕಿಕೊಡಿ' ಎನ್ನುವ ಬದಲು 'ಕ್ಷೇಮ ವಿಚಾರಿಸಿ, ಈ ಸಂದೇಶ ತಲುಪಿಸಿ, ಸಾಧ್ಯವಿದ್ದರೆ ಕನ್ನಡ ಬಲ್ಲವರ ಮೂಲಕ' ಎಂದು ಬರೆಸಿದೆವು. ಸಂದೇಶ ನಾಲ್ಕೇ ಸಾಲು. ಪಾಲಿನ ಮಾತಿಲ್ಲ, ಅಳುವಿಲ್ಲ. ಔಟ್‌ಪಾಸ್ ಎಂದು ಜನ ಕರೆಯುವ ತುರ್ತು ಪ್ರಮಾಣಪತ್ರ ಸಿಗುತ್ತದೆ, 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ತೀರ ಅಗತ್ಯದವರಿಗೆ ಟಿಕೆಟು, ಉಳಿಯಲು ಜಾಗ, ತುರ್ತು ಚಿಕಿತ್ಸೆ, ಅವನ ತಪ್ಪಿಲ್ಲವೆಂದು ಮೇಲ್ನೋಟಕ್ಕೆ ಕಂಡರೆ ಸಣ್ಣ ದಂಡ ಕೂಡ ಕಟ್ಟಲು ಅವಕಾಶವಿದೆ, ಬೇಕೆನಿಸಿದಾಗ ಹೋಗು, ನಾವು ಇದ್ದೇವೆ. ಇಷ್ಟೇ.

ಆರು ವಾರದ ನಂತರ ಉತ್ತರ ಬಂತು: ಆತನನ್ನು ಸಂಪರ್ಕಿಸಲಾಗಿದೆ, ವಿಳಾಸ ತಿಳಿಸಲು ಆತ ಇಚ್ಛಿಸುವುದಿಲ್ಲ. ಅಕ್ಕ ಸಂಘದ ಜಗಲಿಯಲ್ಲಿ ಕುಳಿತು ಅತ್ತರು. "ಇದೂ ಒಂದು ಉತ್ತರವಾ?" ಎಂದರು. ನಮಗೆ ಅದು ಒಳ್ಳೆಯ ಉತ್ತರವಾಗಿಯೇ ಕಂಡಿತು. ಅವನು ಜೀವದಿಂದಿದ್ದಾನೆ, ಕಚೇರಿಗೆ ದಾರಿ ಗೊತ್ತಿದೆ, ಸಂದೇಶ ಓದಿದ್ದಾನೆ. ಆ ನಡುವೆ 'ನಿಮ್ಮವನು ಲಾಕಪ್ಪಿನಲ್ಲಿದ್ದಾನೆ, ಬಿಡಿಸಲು ಎರಡು ಲಕ್ಷ ಕಳಿಸಿ' ಎಂದು ಯಾರೋ ಫೋನ್ ಮಾಡಿದ್ದರು. ಇಂಥ ಕರೆ ಬಂದರೆ ಒಂದು ಪೈಸೆಯೂ ಕೊಡಬೇಡಿ. ಮೊದಲು ಮದದ್ ಅರ್ಜಿಯ ಸಂಖ್ಯೆ ಹಿಡಿದು ವಿಚಾರಿಸಿ.

ಕಾಯುವ ಕಾಲದಲ್ಲಿ ಮನೆಯವರು ಮಾಡಬಹುದಾದ ಕೆಲಸವಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ರೋಗಿಯೇ ಕರೆ ಮಾಡಬೇಕೆಂದಿಲ್ಲ. ಅದು ನಡೆಯುವ 20 ಭಾಷೆಗಳಲ್ಲಿ ಕನ್ನಡವೂ ಒಂದು. ಅಕ್ಕ ಕರೆ ಮಾಡಿ, ಗುಮಾನಿಯ ಮಾತಿಗೆ ವಾದ ಮಾಡದೆ, ಹೌದೆಂದೂ ಅನ್ನದೆ ಹೇಗೆ ಮಾತಾಡುವುದೆಂದು ಕೇಳಿ ತಿಳಿದರು. ಬಂದ ಮೇಲೆ ಏನು ಎಂಬುದನ್ನೂ ಈಗಲೇ ಯೋಚಿಸಬೇಕು. ಕಾಯಿಲೆ ಜೋರಾಗಿದ್ದರೆ ವಿಮಾನದವರು ವೈದ್ಯರ ಪತ್ರ, ಜೊತೆಗೊಬ್ಬರನ್ನು ಕೇಳುವುದುಂಟು. ಊರಿಗೆ ಇಳಿದವನನ್ನು ಹಿಡಿದುಕೊಂಡು ಆಸ್ಪತ್ರೆಗೆ ಸೇರಿಸಿಬಿಡೋಣ ಎಂದರೆ ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ ಅವನ ಒಪ್ಪಿಗೆಯನ್ನು ಮೊದಲಿಡುತ್ತದೆ. ತನಗೋ ಇತರರಿಗೋ ಅಪಾಯ ತರುವಂತಿದ್ದರೆ ಅಥವಾ ತನ್ನ ಆರೈಕೆಯನ್ನೇ ಮಾಡಿಕೊಳ್ಳಲಾಗದೆ ಅಪಾಯಕ್ಕೆ ಸಿಕ್ಕಿದ್ದರೆ ಮಾತ್ರ, ತಜ್ಞರು ಪರೀಕ್ಷಿಸಿ, ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳಲು ದಾರಿಯಿದೆ. ಅಣ್ಣ, ಪಾಲಿನ ಮಾತನ್ನು ಒಂದು ವರ್ಷ ಎತ್ತುವುದಿಲ್ಲ ಎಂದು ಒಪ್ಪಿದ್ದಾರೆ. ಅವರನ್ನು ಒಪ್ಪಿಸಲು ನಮಗೆ ಮೂರು ಭೇಟಿ ಬೇಕಾಯಿತು, ಕಾನ್ಸುಲೇಟಿನ ಕೆಲಸವೇ ಸುಲಭವಿತ್ತು.

ಹೋದ ತಿಂಗಳು ಹೊಸ ನಂಬರಿನಿಂದ ಅಕ್ಕನಿಗೊಂದು ಸಂದೇಶ ಬಂತು. 'ಕಪಿಲೆ ಕರು ಹಾಕಿತಾ?' ಅಷ್ಟೇ. ಅಕ್ಕ ನಮಗೆ ಫೋನ್ ಮಾಡಿ ಏನು ಬರೆಯಲಿ ಎಂದರು. ಕೇಳಿದ್ದಕ್ಕೆ ಉತ್ತರ ಬರೆಯಿರಿ ಎಂದೆವು. ಹೆಣ್ಣು ಕರು, ಫೋಟೋ ಕಳಿಸಿದ್ದಾರೆ. ಎರಡು ನೀಲಿ ಗೆರೆ ಬಿದ್ದಿವೆ.

ಬರುವ ತಿಂಗಳ ಎರಡನೇ ಆದಿತ್ಯವಾರದ ಮಾಸಿಕ ಸಭೆಯ ನಂತರ ಅರ್ಜಿ ಬರೆದುಕೊಡಲು ನಾವು ಕುಳಿತಿರುತ್ತೇವೆ. ಪಾಸ್‌ಪೋರ್ಟ್ ಪ್ರತಿ, ಗೊತ್ತಿದ್ದರೆ ವೀಸಾ ಅಥವಾ ಇಖಾಮಾ ಸಂಖ್ಯೆ, ಕೊನೆಯ ಕಂಪನಿಯ ಹೆಸರು, ಕೊನೆಯ ಬಾರಿ ಮಾತಾಡಿದ ತಾರೀಕು ತನ್ನಿ. ದೂರದ ಶಾಖೆಗಳವರು ಇದನ್ನೇ ಆಯಾ ಕಾರ್ಯದರ್ಶಿಗಳ ಕೈಯಲ್ಲಿ ಕೊಟ್ಟರೆ ಸಾಕು. ಹೆಸರು ಹೊರಗೆ ಹೋಗುವುದಿಲ್ಲ.