ಸ್ಥಿರ ದೂರವಾಣಿಯಿಂದ ಕ್ಲೌಡ್ ದೂರವಾಣಿಗೆ: ಸಂಖ್ಯೆಯನ್ನು ಕಳೆದುಕೊಳ್ಳುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ವರ್ತಕರಿಗೆ ಸ್ಥಿರ ದೂರವಾಣಿಯು ಕೇವಲ ಮಾತನಾಡುವ ಸಾಧನವಾಗಿರಲಿಲ್ಲ. ಬಿಲ್ ಪುಸ್ತಕದ ಮೇಲೆ, ಅಕ್ಕಿಯ ಚೀಲದ ಮೇಲೆ, ಅಂಗಡಿಯ ನಾಮಫಲಕದ ಮೇಲೆ ಅಚ್ಚಾದ ಸಂಖ್ಯೆಯು ಆ ಸಂಸ್ಥೆಗೆ ಸ್ಥಿರವಾದ ನೆಲೆಯೊಂದಿದೆ, ನಾಳೆಯೂ ಅದು ಅಲ್ಲಿಯೇ ಇರುತ್ತದೆ ಎಂಬ ಭರವಸೆಯನ್ನು ಗಿರಾಕಿಗೆ ನೀಡುತ್ತಿತ್ತು. ಅಂತರಸಂತೆಯಂತಹ ಹೋಬಳಿ ಕೇಂದ್ರದ ರಸಗೊಬ್ಬರದ ಅಂಗಡಿಗೂ, ಹುಣಸೂರಿನ ಮರದ ವ್ಯಾಪಾರಿಗೂ, ಕೃಷ್ಣರಾಜನಗರದ ಅಕ್ಕಿ ಗಿರಣಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಗ್ರಾಮೀಣ ದೂರವಾಣಿಯ ಚರಿತ್ರೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗೆಂದೇ ರೂಪಿಸಿದ ಸ್ವಯಂಚಾಲಿತ ವಿನಿಮಯ ಕೇಂದ್ರವು ಮೊದಲು ಕಾರ್ಯಾರಂಭ ಮಾಡಿದ್ದು 1986ರಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ಹವಾನಿಯಂತ್ರಣದ ನೆರವಿಲ್ಲದೆ, ಹಳ್ಳಿಯ ಧೂಳು ಮತ್ತು ಬಿಸಿಲನ್ನು ಸಹಿಸಿ ನಡೆಯಬಲ್ಲ ಆ ಯಂತ್ರವು ಪಟ್ಟಣದ ಸೌಲಭ್ಯವನ್ನು ಹೋಬಳಿಗೆ ತಂದಿತು. ಈಗ ತಾಮ್ರದ ತಂತಿಯ ಕಾಲ ಮುಗಿಯುತ್ತಿದೆ. ಬಿಎಸ್‌ಎನ್‌ಎಲ್ ಸಹ ತನ್ನ ಗ್ರಾಹಕರನ್ನು ಫೈಬರ್ ಸಂಪರ್ಕದತ್ತ ಕರೆದೊಯ್ಯುತ್ತಿದೆ. ಇದೇ ಸಮಯದಲ್ಲಿ ಕ್ಲೌಡ್ ದೂರವಾಣಿ ಎಂಬ ಹೊಸ ವ್ಯವಸ್ಥೆಯನ್ನು ಮಾರುವವರು ಸಣ್ಣ ಪಟ್ಟಣಗಳ ವರ್ತಕರ ಬಾಗಿಲನ್ನೂ ತಟ್ಟುತ್ತಿದ್ದಾರೆ. ಬದಲಾವಣೆ ಅನಿವಾರ್ಯವೆಂಬುದು ನಿರ್ವಿವಾದ. ಆದರೆ ಲೆಕ್ಕ ಹಾಕದೆ ಬದಲಾದರೆ ವರ್ತಕನು ತನ್ನ ಅತ್ಯಂತ ಬೆಲೆಬಾಳುವ ಆಸ್ತಿಯೊಂದನ್ನು ಅರಿವಿಲ್ಲದೆಯೇ ಬಿಟ್ಟುಕೊಡುವ ಸಂಭವವಿದೆ.

ವ್ಯವಸ್ಥೆಯ ಸ್ವರೂಪ

ಕ್ಲೌಡ್ ದೂರವಾಣಿಯಲ್ಲಿ ಅಂಗಡಿಯೊಳಗೆ ಇಪಿಎಬಿಎಕ್ಸ್ ಯಂತ್ರವಿರುವುದಿಲ್ಲ. ಕರೆಯನ್ನು ಸ್ವೀಕರಿಸುವ, ಹಂಚುವ, ದಾಖಲಿಸುವ ಕೆಲಸವೆಲ್ಲ ಸೇವಾ ಸಂಸ್ಥೆಯ ಗಣಕಯಂತ್ರಗಳಲ್ಲಿ ನಡೆಯುತ್ತದೆ. ಕರ್ನಾಟಕಕ್ಕೆ ಇದು ಅಪರಿಚಿತವೇನಲ್ಲ. ಈ ಕ್ಷೇತ್ರದ ಎಕ್ಸೋಟೆಲ್ ಸಂಸ್ಥೆ 2011ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು.

ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಕರೆಯು ಅಂತರಜಾಲದ ಮೂಲಕ ಅಂಗಡಿಯ ಐಪಿ ಫೋನಿಗೆ ಅಥವಾ ಮೊಬೈಲಿನ ಆ್ಯಪ್‌ಗೆ ಬರುತ್ತದೆ. ಎರಡನೆಯದರಲ್ಲಿ ಸಂಸ್ಥೆಯ ಒಂದೇ ಸಂಖ್ಯೆಗೆ ಬಂದ ಕರೆಯನ್ನು ಮಾಲೀಕ, ಗುಮಾಸ್ತ, ಗೋದಾಮಿನ ಮೇಲ್ವಿಚಾರಕ ಇವರ ಸಾಮಾನ್ಯ ಮೊಬೈಲುಗಳಿಗೆ ಸರದಿಯಂತೆ ವರ್ಗಾಯಿಸಲಾಗುತ್ತದೆ; ಇದಕ್ಕೆ ಅಂಗಡಿಯಲ್ಲಿ ಅಂತರಜಾಲ ಬೇಕಿಲ್ಲ, ಮೊಬೈಲ್ ಸಿಗ್ನಲ್ ಇದ್ದರೆ ಸಾಕು. ಯಾವ ಬಗೆಯನ್ನು ತಮಗೆ ಮಾರಲಾಗುತ್ತಿದೆ ಎಂಬುದನ್ನು ಕೇಳಿ ತಿಳಿಯುವುದು ಮೊದಲ ಹೆಜ್ಜೆ.

ಪ್ರಯೋಜನವೂ ಕಡಿಮೆಯಲ್ಲ. ಮೈಸೂರು–ಮಾನಂದವಾಡಿ ರಸ್ತೆಯ ಅರಣ್ಯ ಭಾಗದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ವಯನಾಡಿನ ಕೊಳ್ಳುವವನ ಸಂಜೆಯ ಕರೆಯೊಂದು ತಪ್ಪಿದರೆ ಅಂತರಸಂತೆಯ ಸರಕು ಮರುದಿನದ ಬೆಳಗಿನವರೆಗೆ ನಿಲ್ಲುತ್ತದೆ, ಇಲ್ಲವೇ ವ್ಯಾಪಾರವೇ ಬೇರೆಯವರ ಪಾಲಾಗುತ್ತದೆ. ಸ್ವೀಕರಿಸದ ಪ್ರತಿಯೊಂದು ಕರೆಯ ದಾಖಲೆಯನ್ನು ಇಡುವ ವ್ಯವಸ್ಥೆಗೆ ಇಲ್ಲಿ ನಿಜವಾದ ಬೆಲೆಯಿದೆ.

ಸಂಖ್ಯೆ ಯಾರದು?

ಇದು ಈ ವಿಷಯದ ತಿರುಳು. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿಯನ್ನು ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರ ಜನವರಿಯಿಂದ ದೊರೆತಿದೆ. 2015ರ ಜುಲೈನಿಂದ ಒಂದು ರಾಜ್ಯದಿಂದ ಇನ್ನೊಂದಕ್ಕೂ ಸಂಖ್ಯೆಯನ್ನು ಒಯ್ಯಬಹುದಾಗಿದೆ. ಆದರೆ ಸ್ಥಿರ ದೂರವಾಣಿಗೆ ಈ ಹಕ್ಕು ಭಾರತದಲ್ಲಿ ಇಲ್ಲ. ವಿದೇಶಗಳ ಅನುಭವವನ್ನು ಆಧರಿಸಿ ಬರೆದ ಜಾಹೀರಾತುಗಳಲ್ಲಿ ‘ನಿಮ್ಮ ಹಳೆಯ ಸಂಖ್ಯೆಯೊಂದಿಗೇ ಬನ್ನಿ’ ಎಂಬ ಮಾತು ಕಂಡರೆ, ಅದು ಹುಣಸೂರಿನ ಸ್ಥಿರ ದೂರವಾಣಿಗೆ ಅನ್ವಯಿಸುವುದಿಲ್ಲವೆಂದು ತಿಳಿಯಬೇಕು. ಇಲ್ಲಿ ಕ್ಲೌಡ್ ಸಂಸ್ಥೆ ನೀಡುವುದು ಹೊಸ ಸಂಖ್ಯೆಯನ್ನು. ಹಳೆಯ ಸಂಖ್ಯೆಯಿಂದ ಅದಕ್ಕೆ ಕರೆಗಳನ್ನು ವರ್ಗಾಯಿಸುವ ಏರ್ಪಾಡನ್ನು ವರ್ತಕನೇ ಮಾಡಿಕೊಳ್ಳಬೇಕು. ಹಳೆಯ ಸಂಪರ್ಕವನ್ನು ಹಿಂದಿರುಗಿಸಿದ ದಿನವೇ ಆ ವರ್ಗಾವಣೆಯೂ ನಿಲ್ಲುತ್ತದೆ. ಅದೇ ಸಂಖ್ಯೆ ಮತ್ತೆ ದೊರೆಯುವ ಭರವಸೆ ಇರುವುದಿಲ್ಲ.

ಸ್ವಂತವಾಗಿ ಬೆಳೆಸಿದ ಗುಡ್‌ವಿಲ್ ಅನ್ನು ಆಸ್ತಿಯೆಂದು ಲೆಕ್ಕಪುಸ್ತಕದಲ್ಲಿ ತೋರಿಸಲು ಲೆಕ್ಕಪತ್ರ ಮಾನದಂಡಗಳು ಅವಕಾಶ ನೀಡುವುದಿಲ್ಲ. ಆದ್ದರಿಂದ ದೂರವಾಣಿ ಸಂಖ್ಯೆಯ ಮೌಲ್ಯ ಆಸ್ತಿ-ಹೊಣೆ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಪಟ್ಟಿಯಲ್ಲಿ ಕಾಣದ ವಸ್ತುವನ್ನು ಕಳೆದುಕೊಳ್ಳುವುದು ಸುಲಭ. ಪಾಲುದಾರರು ಬೇರೆಯಾದಾಗ ಯಂತ್ರ, ದಾಸ್ತಾನು, ಬಾಕಿ ವಸೂಲಿ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಸಂಖ್ಯೆಯ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಇರುವುದಿಲ್ಲ. ಅನೇಕ ಹಳೆಯ ಸಂಪರ್ಕಗಳು ಇಂದಿಗೂ ದಿವಂಗತರಾದ ಹಿರಿಯರ ಹೆಸರಿನಲ್ಲಿಯೇ ಇರುತ್ತವೆ. ಅಂಗಡಿಯ ವ್ಯವಹಾರವೆಲ್ಲ ಗುಮಾಸ್ತನ ಸ್ವಂತ ಸಿಮ್ ಮೇಲೆ ನಡೆಯುತ್ತಿದ್ದರೆ, ಆತ ಕೆಲಸ ಬಿಟ್ಟ ದಿನ ಗಿರಾಕಿಗಳೂ ಆತನ ಹಿಂದೆಯೇ ಹೊರಡುತ್ತಾರೆ. ಕ್ಲೌಡ್ ಸಂಸ್ಥೆಯ ಸಂಖ್ಯೆಯ ವಿಷಯದಲ್ಲಿಯೂ ಬಾಡಿಗೆ ನಿಲ್ಲಿಸಿದರೆ ಅಥವಾ ಆ ಸಂಸ್ಥೆಯೇ ಮುಚ್ಚಿದರೆ ಸಂಖ್ಯೆ ಏನಾಗುತ್ತದೆ ಎಂಬುದು ಒಪ್ಪಂದದಲ್ಲಿ ಲಿಖಿತವಾಗಿರಬೇಕು.

ಈ ದೃಷ್ಟಿಯಿಂದ ನೋಡಿದರೆ, ಇಂದು ವರ್ತಕನಿಗೆ ಕಾನೂನು ಹೆಚ್ಚು ರಕ್ಷಣೆ ನೀಡಿರುವುದು ಸಂಸ್ಥೆಯ ಹೆಸರಿನಲ್ಲಿ ಪಡೆದ ಮೊಬೈಲ್ ಸಂಖ್ಯೆಗೆ. ಒಬ್ಬರೇ ನಡೆಸುವ ಸಣ್ಣ ಅಂಗಡಿಗೆ ಕ್ಲೌಡ್ ವ್ಯವಸ್ಥೆಯ ಅಗತ್ಯವೇ ಇಲ್ಲ. ಸಂಸ್ಥೆಯ ಹೆಸರಿನ ಒಂದು ಸಿಮ್ ಸಾಕು. ಮೂರು ನಾಲ್ಕು ಮಂದಿ ಕರೆ ಸ್ವೀಕರಿಸುವ, ಅಂಗಡಿ ಒಂದೆಡೆ ಗೋದಾಮು ಇನ್ನೊಂದೆಡೆ ಇರುವ ಸಂಸ್ಥೆಗಳಿಗೆ ಮಾತ್ರ ಮುಂದಿನ ಲೆಕ್ಕ.

ವಿದ್ಯುತ್ತು ಮತ್ತು ಸಂಪರ್ಕ

ತಾಮ್ರದ ತಂತಿಯ ದೂರವಾಣಿಗೆ ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ 48 ವೋಲ್ಟ್ ವಿದ್ಯುತ್ತು ಬರುತ್ತಿತ್ತು. ಊರಿಗೆಲ್ಲ ಕರೆಂಟು ಹೋದರೂ ಅಂಗಡಿಯ ಫೋನು ಮೊಳಗುತ್ತಿದ್ದುದು ಇದೇ ಕಾರಣದಿಂದ. ಫೈಬರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅಂಗಡಿಯ ಮೋಡೆಮ್ ಆರಿದರೆ ಅದರ ಫೋನೂ ಆರುತ್ತದೆ. ಆದ್ದರಿಂದ ಅಂತರಜಾಲ ಆಧಾರಿತ ಬಗೆಯನ್ನು ಆರಿಸುವವರು ಮೋಡೆಮ್ ಹಾಗೂ ಫೋನಿಗೆ ಪ್ರತ್ಯೇಕ ಯುಪಿಎಸ್ ವೆಚ್ಚವನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ವೇಗದ ಬಗ್ಗೆ ಅನಗತ್ಯ ಭಯ ಬೇಡ. ಒಂದು ಕರೆಗೆ ಎರಡೂ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 100 ಕಿಲೋಬಿಟ್ ಸಾಕು. ಮುಖ್ಯವಾದುದು ವೇಗವಲ್ಲ, ಸ್ಥಿರತೆ. ಧ್ವನಿಯು ಒಂದು ತುದಿಯಿಂದ ಇನ್ನೊಂದಕ್ಕೆ 150 ಮಿಲಿಸೆಕೆಂಡಿನೊಳಗೆ ತಲುಪಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಅದು ಮೀರುತ್ತಾ ಹೋದಂತೆ ಮಾತು ಒಂದರ ಮೇಲೊಂದು ಬೀಳತೊಡಗುತ್ತದೆ. ಧಾರಣೆ ಹೇಳುವಾಗ ಒಂದು ಅಂಕಿ ತಪ್ಪಾಗಿ ಕೇಳಿಸಿದರೂ ನಷ್ಟ ವರ್ತಕನದೇ. ಕಾಡಂಚಿನ ಊರುಗಳಲ್ಲಿ ಮೊಬೈಲ್ ಸಿಗ್ನಲ್ಲೂ ಎಲ್ಲೆಡೆ ಸಮವಾಗಿರುವುದಿಲ್ಲ. ಮಾರುವವರ ಮಾತಿಗಿಂತ ಅಂಗಡಿ ಮತ್ತು ಗೋದಾಮಿನಲ್ಲಿ ಒಂದು ವಾರ ನಡೆಸಿದ ಪರೀಕ್ಷೆಯನ್ನು ನಂಬುವುದು ಲೇಸು.

ಖರ್ಚಿನ ಲೆಕ್ಕ

ಉದಾಹರಣೆಗೆ, ಒಬ್ಬ ಬಳಕೆದಾರನಿಗೆ ತಿಂಗಳಿಗೆ 500 ರೂ. ಎಂದು ಭಾವಿಸೋಣ. ನಾಲ್ವರಿಗೆ ವರ್ಷಕ್ಕೆ 24,000 ರೂ. ಇದರ ಮೇಲೆ ಶೇ. 18ರ ಜಿಎಸ್‌ಟಿ 4,320 ರೂ. ಸೇರಿ 28,320 ರೂ. ಆಗುತ್ತದೆ. ತೆರಿಗೆ ಸಲ್ಲುವ ಸರಕನ್ನು ಮಾರುವ ಸಾಮಾನ್ಯ ನೋಂದಣಿಯ ವರ್ತಕನಿಗೆ ತೆರಿಗೆಯ ಮೊತ್ತ ಇನ್‌ಪುಟ್ ಕ್ರೆಡಿಟ್ ಆಗಿ ದೊರೆಯುವುದರಿಂದ ನಿಜವಾದ ವೆಚ್ಚ 24,000 ರೂ. ಮಾತ್ರ, ಇದಕ್ಕಾಗಿ ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಕ್ರೆಡಿಟ್ ಇಲ್ಲ. ಅವರಿಗೆ ಪೂರ್ಣ 28,320 ರೂ. ಹೊರೆಯೇ. ಒಂದೇ ಬೆಲೆಪಟ್ಟಿ ಅಕ್ಕಪಕ್ಕದ ಎರಡು ಅಂಗಡಿಗಳಿಗೆ ಎರಡು ವೆಚ್ಚವಾಗುವುದು ಹೀಗೆ.

ಇದಕ್ಕೆ ಹೊರಹೋಗುವ ಕರೆಗಳ ನಿಮಿಷದ ದರ, ಹಳೆಯ ಸಂಪರ್ಕದ ಬಾಡಿಗೆ, ವರ್ಗಾವಣೆಯಾದ ಕರೆಗಳ ಶುಲ್ಕ ಇವುಗಳನ್ನೂ ಕೂಡಿಸಬೇಕು. ಇಪಿಎಬಿಎಕ್ಸ್ ಖರೀದಿಯು ಬಂಡವಾಳ ವೆಚ್ಚವಾಗಿ ಸವಕಳಿಯ ಮೂಲಕ ವರ್ಷವರ್ಷ ಕಳೆಯುತ್ತಿತ್ತು. ಕ್ಲೌಡ್ ಬಾಡಿಗೆಯು ಆಯಾ ವರ್ಷದ ಆದಾಯ ವೆಚ್ಚ. ಇದು ಅನುಕೂಲವೇ ಸರಿ, ಆದರೆ ಎಂದಿಗೂ ಮುಗಿಯದ ಖರ್ಚು ಎಂಬುದನ್ನೂ ಮರೆಯಬಾರದು. ಹಳೆಯ ಸಂಪರ್ಕಕ್ಕೆ ಕಟ್ಟಿದ ಠೇವಣಿ ಲೆಕ್ಕಪುಸ್ತಕದಲ್ಲಿ ವರ್ಷಗಳಿಂದ ಹಾಗೆಯೇ ಸಾಗಿ ಬರುತ್ತಿರಬಹುದು. ಸಂಪರ್ಕ ಹಿಂದಿರುಗಿಸುವಾಗ ಅದನ್ನು ಕೇಳಿ ಪಡೆಯಬೇಕು.

ಕಾನೂನಿನ ಹೊಣೆ

ಅಂತರಜಾಲ ದೂರವಾಣಿಗೆ ಪರವಾನಗಿ ಹೊಂದಿದ ಸಂಸ್ಥೆಗಳ ಮೂಲಕ 2018ರಲ್ಲಿ ಸ್ಪಷ್ಟ ಅವಕಾಶ ದೊರೆಯಿತು. ಸಂಪರ್ಕ ನೀಡುವ ಪರವಾನಗಿದಾರರು ಯಾರೆಂಬುದನ್ನು ಲಿಖಿತವಾಗಿ ಕೇಳುವುದು ವರ್ತಕನ ಹಕ್ಕು. ಹೊಸ ವ್ಯವಸ್ಥೆಯಿಂದ ಒಮ್ಮೆಗೇ ನೂರಾರು ಗಿರಾಕಿಗಳಿಗೆ ಪ್ರಚಾರ ಕರೆ ಮಾಡಬಹುದೆಂಬ ಆಸೆಗೆ ಬಲಿಯಾಗಬಾರದು. ನೋಂದಣಿಯಿಲ್ಲದೆ ಇಂತಹ ಕರೆ ಮಾಡುವವರ ಎಲ್ಲ ದೂರಸಂಪರ್ಕಗಳನ್ನೂ ಎರಡು ವರ್ಷಗಳವರೆಗೆ ಕಡಿತಗೊಳಿಸುವಂತೆ ಟ್ರಾಯ್ 2024ರ ಆಗಸ್ಟ್‌ನಲ್ಲಿ ಆದೇಶಿಸಿತ್ತು. ಕರೆಗಳ ಧ್ವನಿಮುದ್ರಣವೂ ವೈಯಕ್ತಿಕ ದತ್ತಾಂಶವೇ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಮುದ್ರಣವಾಗುತ್ತಿದೆಯೆಂದು ಕರೆ ಮಾಡಿದವರಿಗೆ ಕನ್ನಡದಲ್ಲಿಯೇ ತಿಳಿಸುವುದು ವಿವೇಕ.

ಬದಲಾವಣೆಯ ಕ್ರಮ

ಮೊದಲು ಹಳೆಯ ಸಂಪರ್ಕವನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಅದೇ ಸಂಖ್ಯೆಯನ್ನು ಉಳಿಸಿಕೊಂಡು ತಾಮ್ರದಿಂದ ಫೈಬರಿಗೆ ಹೋಗಲು ತಮ್ಮ ವಿನಿಮಯ ಕೇಂದ್ರದಲ್ಲಿ ಸಾಧ್ಯವೇ ಎಂದು ವಿಚಾರಿಸಬೇಕು. ಸಾಧ್ಯವಾದರೆ ಸಂಖ್ಯೆ ಉಳಿಸುವ ಮಾರ್ಗಗಳಲ್ಲಿ ಅದೇ ಸುಲಭವಾದುದು. ನಂತರ ಹೊಸ ಸಂಖ್ಯೆಯನ್ನು ಪಡೆದು, ಕನಿಷ್ಠ ಒಂದು ವರ್ಷ ಎರಡನ್ನೂ ನಡೆಸಿ, ಬಿಲ್ ಪುಸ್ತಕ ಮತ್ತು ಚೀಲಗಳ ಮೇಲೆ ಎರಡೂ ಸಂಖ್ಯೆಗಳನ್ನು ಮುದ್ರಿಸಬೇಕು. ಬ್ಯಾಂಕು ಮತ್ತು ಜಿಎಸ್‌ಟಿ ಜಾಲತಾಣದ ಒಟಿಪಿ ಬರುವ ಮೊಬೈಲನ್ನು ಈ ಬದಲಾವಣೆಯಲ್ಲಿ ಮುಟ್ಟಲೇಬಾರದು.

ಕಾಲದ ಆಯ್ಕೆಯೂ ಮುಖ್ಯ. ತಂಬಾಕು ಹರಾಜು ನಡೆಯುವ ತಿಂಗಳುಗಳಲ್ಲಿ ಪಿರಿಯಾಪಟ್ಟಣ, ಹುಣಸೂರಿನ ವರ್ತಕರು, ಮುಂಗಾರಿನ ಬಿತ್ತನೆಯ ವೇಳೆ ಗೊಬ್ಬರದ ಅಂಗಡಿಯವರು, ಭತ್ತದ ಕೊಯ್ಲಿನ ಕಾಲದಲ್ಲಿ ಅಕ್ಕಿ ಗಿರಣಿಯವರು ಇದಕ್ಕೆ ಕೈಹಾಕಬಾರದು. ಕರೆಗಳು ವಿರಳವಾಗಿರುವ ತಿಂಗಳೇ ಪ್ರಯೋಗಕ್ಕೆ ತಕ್ಕುದು.

ಇಷ್ಟೆಲ್ಲ ಎಚ್ಚರಿಕೆಯ ಹೊರೆ ಸಣ್ಣ ವರ್ತಕನ ಮೇಲೆಯೇ ಬೀಳುತ್ತಿರುವುದಕ್ಕೆ ಮೂಲ ಕಾರಣ ಒಂದೇ: ಮೊಬೈಲ್ ಬಳಕೆದಾರನಿಗೆ ದೊರೆತ ಹಕ್ಕು ಸ್ಥಿರ ದೂರವಾಣಿಯ ಬಳಕೆದಾರನಿಗೆ ಇನ್ನೂ ದೊರೆತಿಲ್ಲ. ತಾಮ್ರದ ಜಾಲ ಪೂರ್ಣವಾಗಿ ಮರೆಯಾಗುವ ಮುನ್ನವೇ ಸ್ಥಿರ ದೂರವಾಣಿಗೂ ಸಂಖ್ಯಾ ಪೋರ್ಟಬಿಲಿಟಿ ಬೇಕೆಂದು ವಾಣಿಜ್ಯ ಸಂಸ್ಥೆಗಳು ದೂರಸಂಪರ್ಕ ಇಲಾಖೆಯನ್ನು ಒತ್ತಾಯಿಸಬೇಕು. ಬೆಂಗಳೂರಿನ ದೊಡ್ಡ ಕಂಪನಿಯು ಸಂಖ್ಯೆ ಬದಲಾದರೆ ಜಾಹೀರಾತು ನೀಡಿ ತಿಳಿಸಬಲ್ಲದು. ಅಂತರಸಂತೆಯ ವರ್ತಕನಿಗೆ ಹಳೆಯ ಚೀಲದ ಮೇಲಿನ ಸಂಖ್ಯೆಯೇ ಜಾಹೀರಾತು. ಅದನ್ನು ಉಳಿಸಿಕೊಡುವುದು ಸಂಘಟಿತ ಪ್ರಯತ್ನದಿಂದ ಮಾತ್ರ ಸಾಧ್ಯ.