ಗೌರವಧನವು ವೇತನವಲ್ಲವೆ?

ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಗೌರವಧನವು ಕಾಲಕಾಲಕ್ಕೆ ಏರುತ್ತಲೇ ಬಂದಿರುವುದೆಂದೂ, ಸೇವಾಭಾವದಿಂದ ಕೈಗೊಂಡ ಕಾರ್ಯವನ್ನು ವೇತನದ ತಕ್ಕಡಿಯಲ್ಲಿ ತೂಗುವುದು ಉಚಿತವಲ್ಲವೆಂದೂ ಈಚೆಗೆ ಪ್ರಕಟವಾದ ಲೇಖನವೊಂದು ಪ್ರತಿಪಾದಿಸಿರುವುದನ್ನು ಓದಿ, ಈ ಎರಡು ಮಾತುಗಳಲ್ಲಿ ಒಂದನ್ನಾದರೂ ಒಪ್ಪಲು ನನ್ನಿಂದ ಸಾಧ್ಯವಾಗಲಿಲ್ಲ.

ಏರಿಕೆಯ ಸ್ವರೂಪವನ್ನೇ ನೋಡೋಣ. 1975ರಲ್ಲಿ ಮೊದಲಾದ ಶಿಶು ಅಭಿವೃದ್ಧಿ ಯೋಜನೆಯಲ್ಲಿ ದುಡಿಯುವ ಅಂಗನವಾಡಿ ಕಾರ್ಯಕರ್ತೆಗೆ ಕೇಂದ್ರವು 2018ರ ಅಕ್ಟೋಬರಿನಲ್ಲಿ ಮಾಸಿಕ 3,000 ರೂಪಾಯಿಗಳನ್ನು 4,500ಕ್ಕೆ ಏರಿಸಿತು. ತರುವಾಯ ಅಕ್ಕಿ, ಬೇಳೆ, ಎಣ್ಣೆಗಳ ಬೆಲೆಯೆಲ್ಲ ಏರಿದರೂ, 2024 ಕಳೆದರೂ, ಆ ಮೊತ್ತ ಕದಲಲಿಲ್ಲ. ರಾಜ್ಯವು ತನ್ನ ಪಾಲನ್ನು ಸೇರಿಸುವುದು ನಿಜ; ಆದರೆ ನಿಂತಲ್ಲೇ ನಿಂತ ಮೊತ್ತವು ಸಂತೆಯಲ್ಲಿ ಪ್ರತಿವರ್ಷ ಕುಗ್ಗುವುದೆಂಬುದನ್ನು ಲೇಖಕರು ಗಣಿಸಿಲ್ಲ.

ಇನ್ನು ಸೇವೆಯ ಮಾತು. ಗರ್ಭಿಣಿಯನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯುವವಳು, ಮನೆಮನೆಗೆ ತಿರುಗಿ ಲಸಿಕೆಯ ಲೆಕ್ಕವಿಡುವವಳು ಆಶಾ ಕಾರ್ಯಕರ್ತೆ; ಅವಳು 2005ರಿಂದಲೂ ಸರ್ಕಾರದ ಕಡತದಲ್ಲಿ ಸ್ವಯಂಸೇವಕಿಯಾಗಿಯೇ ಉಳಿದಿರುವಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಶಾ ಸಮುದಾಯವನ್ನು ಪುರಸ್ಕರಿಸಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಅಂಗನವಾಡಿಯವರ ಗೌರವಧನವನ್ನು ವೇತನವೆಂದೇ ಪರಿಗಣಿಸಿ, ಅವರು ಗ್ರಾಚ್ಯುಟಿಗೆ ಅರ್ಹರೆಂದು ತೀರ್ಪಿತ್ತಿತು. ನ್ಯಾಯಪೀಠವು ಕಂಡ ದುಡಿಮೆಯನ್ನು ಲೇಖಕರು ಕಾಣಲೊಲ್ಲರೇಕೆ?

2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳೆನ್ನದೆ ಕುಳಿತ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15,000 ರೂಪಾಯಿ ಕೇಳಿದರು. 10,000ದ ಭರವಸೆಯನ್ನು ಪಡೆದು ಊರಿಗೆ ಮರಳಿದರು, ಮರುದಿನದ ಕೆಲಸಕ್ಕೆ.