ಟಿವಿಯಲ್ಲಿ ‘ಎಚ್‌ಡಿಸಿಪಿ’ ಎರರ್ ಬಂದರೆ ಟಿವಿ ಕೆಟ್ಟಿದೆ ಎಂದರ್ಥವೇ?

ಸ್ಟ್ರೀಮಿಂಗ್ ಬಾಕ್ಸ್‌ನಲ್ಲಿ ಸಿನಿಮಾ ಹಾಕಿದ ಕೂಡಲೇ ಪರದೆ ಕಪ್ಪಾಗಿ ‘ಎಚ್‌ಡಿಸಿಪಿ’ ಎರರ್ ಬಂದರೆ, ಟಿವಿ ಕೆಟ್ಟಿತು, ವೈರಸ್ ಹೊಕ್ಕಿತು ಎಂದು ಗಾಬರಿಯಾಗುವುದು ಸಹಜ. ಬಳ್ಳಾರಿಯ ಪಾರ್ವತಿನಗರವಾಗಲಿ, ಬೆಂಗಳೂರಾಗಲಿ, ಸಾಮಾನ್ಯ ಕಾರಣ ಬೇರೆಯೇ ಇದೆ.

ಏನಿದು?
ಎಚ್‌ಡಿಸಿಪಿ ಎಂಬುದು ನಕಲು ತಡೆಯಲು ಇಂಟೆಲ್ ರೂಪಿಸಿದ ವ್ಯವಸ್ಥೆ. ಎಚ್‌ಡಿಎಂಐ ಕೇಬಲ್ ಮೂಲಕ ಬಾಕ್ಸ್, ಟಿವಿಯ ಡಿಜಿಟಲ್ ಕೀ ಪರಿಶೀಲಿಸುತ್ತದೆ. ಅದು ಹೊಂದಿದರೆ ಮಾತ್ರ ಚಿತ್ರ ಕಾಣುತ್ತದೆ. ಕೇಬಲ್ ಸಡಿಲವಾದರೂ, ನಡುವೆ ಹಳೆಯ ಸ್ಪ್ಲಿಟರ್ ಇದ್ದರೂ ಪರಿಶೀಲನೆ ವಿಫಲವಾಗಬಹುದು. 4ಕೆ ಸಿನಿಮಾಗೆ ಸಾಮಾನ್ಯವಾಗಿ ಇದರ 2.2 ಆವೃತ್ತಿ ಬೇಕು. ಕೆಲವು ಟಿವಿಗಳ ಎಲ್ಲ ಪೋರ್ಟ್‌ಗಳಲ್ಲೂ ಅದು ಇರುವುದಿಲ್ಲ.

ಇದರ ಮಾಸ್ಟರ್ ಕೀ ಸೋರಿಕೆಯಾದದ್ದು ನಿಜವೆಂದು 2010ರಲ್ಲಿ ಇಂಟೆಲ್ಲೇ ಒಪ್ಪಿಕೊಂಡಿತ್ತು. ಆದರೂ ವ್ಯವಸ್ಥೆ ಮುಂದುವರಿದಿದೆ; ಹಣ ಕೊಟ್ಟು ನೋಡುವವರಿಗೂ ಈ ಎರರ್ ತಪ್ಪಿಲ್ಲ.

ಏನು ಮಾಡಬೇಕು?
1. ಟಿವಿ, ಬಾಕ್ಸ್ ಎರಡರ ಪ್ಲಗ್ ತೆಗೆದು ಕೆಲವು ನಿಮಿಷ ಬಿಡಿ. ಕೇಬಲ್‌ನ ಎರಡೂ ತುದಿ ಬಿಗಿಯಾಗಿ ಸಿಕ್ಕಿಸಿ, ಮೊದಲು ಟಿವಿ, ನಂತರ ಬಾಕ್ಸ್ ಆನ್ ಮಾಡಿ.
2. ಸ್ಪ್ಲಿಟರ್ ತೆಗೆದು ನೇರವಾಗಿ ಜೋಡಿಸಿ. ಬೇರೆ ಪೋರ್ಟ್, ಬೇರೆ ಕೇಬಲ್ ಹಾಕಿ ನೋಡಿ.
3. ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ 1080ಪಿಗೆ ಇಳಿಸಿ.

ನಾವು ಹೇಳುವುದಿಷ್ಟೇ: ಇವನ್ನು ಪರೀಕ್ಷಿಸದೆ ಹೊಸ ಟಿವಿಗೆ ದುಡ್ಡು ಸುರಿಯಬೇಡಿ. ‘ಎರರ್ ತೆಗೆಯುತ್ತೇವೆ’ ಎನ್ನುವ ಅಪರಿಚಿತ ಲಿಂಕ್ ಒತ್ತಲೂಬೇಡಿ, ಫಾರ್ವರ್ಡ್ ಮಾಡಲೂಬೇಡಿ.